ಟ್ರಂಕಿನ ಫೈಲು

ನಾನು ಅಡಿಕೆ ಖೇಣಿ ಮಾಡುವವನು. ಊರು ಹೊಳಲ್ಕೆರೆ ತಾಲ್ಲೂಕು. ಅತ್ತ ಹೊಸದುರ್ಗದ ಗಡಿಯವರೆಗೆ, ಇತ್ತ ಭೀಮಸಮುದ್ರದ ಮಂಡಿಗಳವರೆಗೆ ನನ್ನ ಓಡಾಟ. ತೋಟಕ್ಕೆ ಕಾಲಿಟ್ಟು ಕತ್ತೆತ್ತಿ ನೋಡಿದರೆ ಮರಕ್ಕೆ ಎಷ್ಟು ಗೊನೆ, ಯಾವ ಸಾಲಿಗೆ ಹಿಡಿಮುಂಡಿಗೆ ಹತ್ತಿದೆ, ಬೇಸಿಗೆಯಲ್ಲಿ ಬೋರು ಕೈಕೊಟ್ಟಿತ್ತೇ ಎಂಬುದು ಅಂದಾಜಿಗೆ ಸಿಗುತ್ತದೆ. ಒಂದು ಕ್ವಿಂಟಾಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ ಒಣಗಿಸಿದರೆ 12–13 ಕೆಜಿ ರಾಶಿ ಬಂದರೆ ಸೈ. ತೋಟದ ಯಜಮಾನ ತನ್ನ ಫಸಲನ್ನು ಎಷ್ಟೇ ಹೊಗಳಲಿ, ಕೊನೆಗೆ ಚೀಲಕ್ಕೆ ಬರುವುದೆಷ್ಟು ಎಂದು ಕೇಳದೆ ನಾನು ಅಡ್ವಾನ್ಸ್ ಕೊಟ್ಟವನಲ್ಲ.

ಮಕ್ಕಳಾಗಲೆಂದು ಆಸ್ಪತ್ರೆ ಹುಡುಕಲು ಹೊರಟಾಗ ಈ ಒಂದು ಪ್ರಶ್ನೆಯನ್ನೇ ನಾನು ಕೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೂ ಒಂದಿದೆ. ಅದನ್ನು ಈ ಬರಹದಲ್ಲಿ ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಮದುವೆಯಾಗಿ ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು ಎನ್ನುತ್ತಾರೆ ವೈದ್ಯರು. ನಮ್ಮ ಕಡೆ ಅದಕ್ಕೂ ಮೊದಲು ಬೇರೆ ಸರದಿಯಿದೆ. ಹೊಳಲ್ಕೆರೆಯ ಬಯಲು ಗಣಪನಿಗೆ ಹರಕೆ ಆಯಿತು. ನನ್ನ ಹೆಂಡತಿಯ ತವರು ಹಿರಿಯೂರಿನ ಹತ್ತಿರ, ವಾಣಿವಿಲಾಸ ಸಾಗರದ ಕಾಲುವೆ ಹಾಯುವ ಹಳ್ಳಿ. ಅವರ ಕಡೆಯಿಂದ ತೇರುಮಲ್ಲೇಶ್ವರನ ಸೇವೆಯೂ ಆಯಿತು. ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮಿಗಳು ಕಟ್ಟಿದ ಆಶ್ರಮದ ಆಯುರ್ವೇದ ಔಷಧವನ್ನೂ ಅವ್ವ ಕೊಡಿಸಿದಳು. ಇದನ್ನೆಲ್ಲ ಹಾಸ್ಯಕ್ಕೆ ಹೇಳುತ್ತಿಲ್ಲ, ಅಲ್ಲಿ ಯಾರೂ ನಮಗೆ ಮೋಸ ಮಾಡಲಿಲ್ಲ. ಎಲ್ಲ ಕಡೆಗೂ ಕರೆದುಕೊಂಡು ಹೋದದ್ದು ಹೆಂಡತಿಯೊಬ್ಬಳನ್ನೇ ಎಂಬುದಷ್ಟೇ ನನ್ನ ಮಾತು. ಕಾರು ಓಡಿಸುವವನಾಗಿ ನಾನು ಜೊತೆಗಿದ್ದೆ.

ಕೊನೆಗೆ ಚಿತ್ರದುರ್ಗದ ಒಬ್ಬ ಹೆಣ್ಣು ಡಾಕ್ಟರು ನನ್ನನ್ನೂ ಒಳಗೆ ಕರೆದು ಕೂರಿಸಿದರು. ಅವಳಿಗೆ ಥೈರಾಯ್ಡ್, ಹಾರ್ಮೋನು, ಸ್ಕ್ಯಾನಿಂಗ್, ಆಮೇಲೆ ಎಚ್‌ಎಸ್‌ಜಿ. ಜನ ಟ್ಯೂಬ್ ಟೆಸ್ಟ್ ಎನ್ನುವುದು ಇದಕ್ಕೇ. ಗರ್ಭಕೋಶದೊಳಗೆ ಔಷಧ ಬಿಟ್ಟು, ಅದು ಎರಡೂ ಕಡೆಯ ಗರ್ಭನಾಳದಲ್ಲಿ ಹರಿದು ಹೊಟ್ಟೆಗೆ ಬೀಳುತ್ತದೆಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ. ನನಗೆ ವೀರ್ಯದ ಪರೀಕ್ಷೆ. ಎರಡು ದಿನಕ್ಕಿಂತ ಕಡಿಮೆಯಲ್ಲ, ಏಳು ದಿನಕ್ಕಿಂತ ಹೆಚ್ಚಲ್ಲ, ಅಷ್ಟು ಪಥ್ಯವಿದ್ದು ಬರಬೇಕು. ಕೆಲವು ನೂರು ರೂಪಾಯಿಯ ಪರೀಕ್ಷೆ ಅದು. ಎಲ್ಲದರಲ್ಲೂ ಅಗ್ಗವಾದದ್ದು, ನಾನು ವರ್ಷಗಟ್ಟಲೆ ತಪ್ಪಿಸಿಕೊಂಡು ತಿರುಗಿದ್ದು ಅದೊಂದರಿಂದಲೇ.

ರಿಪೋರ್ಟು ತರಲು ನಾನೊಬ್ಬನೇ ಹೋದೆ. ಲ್ಯಾಬಿನ ಹುಡುಗ ಕವರಿನ ಮೇಲೆ ಬೆರಳಿಟ್ಟು, ಕೌಂಟ್ ಕಡಿಮೆ ಇದೆ ಸರ್, ಡಾಕ್ಟ್ರಿಗೆ ತೋರಿಸಿ ಎಂದ. ಮಿಲಿಲೀಟರಿಗೆ ಕನಿಷ್ಠ 1.6 ಕೋಟಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ. ನನ್ನದು 60 ಲಕ್ಷ. ಆ ಹುಡುಗ ನಮ್ಮ ಪಕ್ಕದ ಊರಿನವನೇನೋ ಎಂಬ ಅನುಮಾನ ಬಂದು ಬೆವರಿಳಿಯಿತು. ಡಾಕ್ಟರ ಬಳಿಗೆ ಹೋಗಲಿಲ್ಲ. ನನ್ನ ಕಾಗದದ ಜೊತೆಗೇ ಅವಳ ಎಚ್‌ಎಸ್‌ಜಿ ಫಿಲ್ಮ್ ಇತ್ತು, ಅದರ ಇಂಗ್ಲಿಷ್ ರಿಪೋರ್ಟ್ ನನಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಕೊಳ್ಳಲು ಯತ್ನಿಸಲೂ ಇಲ್ಲ. ಮನೆಗೆ ಬಂದು, ಎಲ್ಲ ನಾರ್ಮಲ್ ಅಂತೆ ಎಂದುಬಿಟ್ಟೆ. ಇಡೀ ಫೈಲನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿ, ಅಪ್ಪನ ಕಾಲದ ಪಹಣಿ ಕಾಗದಗಳ ಕೆಳಗಿಟ್ಟು ಬೀಗ ಹಾಕಿದೆ.

ಅವ್ವ ಕೇಳಿದಳು, “ಎಲ್ಲ ಸರಿ ಇದ್ರೆ ಇನ್ಯಾಕಪ್ಪಾ ಆಗವಲ್ದು?” ನಾನು ಉತ್ತರಿಸಲಿಲ್ಲ. ನಾನು ಸುಮ್ಮನಿದ್ದದ್ದಕ್ಕೆ ಅವ್ವ ತನಗೆ ತಿಳಿದ ಅರ್ಥ ಹಚ್ಚಿಕೊಂಡಳು. ಆಮೇಲಿನ ದಿನಗಳಲ್ಲಿ ಅವಳ ಮಾತುಗಳು ಯಾರ ಮೇಲೆ ಬಿದ್ದವು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಹೆಂಡತಿಯನ್ನು ಕರೆಯುವುದು ಕಡಿಮೆಯಾಯಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಘಟ್ಟದಲ್ಲಿ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅದರಲ್ಲಿ ಗಂಡಸರ ಪಾಲು ಸಣ್ಣದೇನಲ್ಲ. ನಮ್ಮ ಬೀದಿಯಲ್ಲಿ ಮಾತ್ರ ಅಂಥ ಗಂಡಸು ಒಬ್ಬನೂ ಇರಲಿಲ್ಲ.

ಹೊಸದುರ್ಗದ ಕಲ್ಯಾಣ ಮಂಟಪವೊಂದರಲ್ಲಿ ಉಚಿತ ತಪಾಸಣಾ ಶಿಬಿರ ನಡೆಯಿತು. ದೊಡ್ಡ ಊರಿನ ಒಂದು ಸಂತಾನ ಚಿಕಿತ್ಸಾ ಕೇಂದ್ರದವರು ಬಂದಿದ್ದರು. ಹೆದ್ದಾರಿ ಉದ್ದಕ್ಕೂ ಅಂಥ ಹಲವರ ಬೋರ್ಡುಗಳು ಕಾಣುತ್ತವೆ. ನಗುವ ಕೂಸು, ಅದರ ಕೆಳಗೆ ಶೇಕಡಾವಾರು ಯಶಸ್ಸು. ಶಿಬಿರದ ಬ್ಯಾನರಿನಲ್ಲೂ ದೊಡ್ಡ ಅಕ್ಷರದಲ್ಲಿ ಒಂದು ಶೇಕಡಾ ಇತ್ತು. ಯಾವುದರಲ್ಲಿ ಅಷ್ಟು ಶೇಕಡಾ? ರಕ್ತ ಪರೀಕ್ಷೆ ಪಾಸಿಟಿವ್ ಬಂದವರೋ, ಸ್ಕ್ಯಾನಿನಲ್ಲಿ ಎದೆಬಡಿತ ಕಂಡವರೋ, ಕೂಸು ಎತ್ತಿಕೊಂಡು ಮನೆಗೆ ಹೋದವರೋ? ಚುಚ್ಚುಮದ್ದು ಶುರುಮಾಡಿದ ಎಲ್ಲರನ್ನೂ ಎಣಿಸಿದ್ದೋ, ಭ್ರೂಣ ಹಾಕಿಸಿಕೊಳ್ಳುವವರೆಗೆ ತಲುಪಿದವರನ್ನು ಮಾತ್ರವೋ? ಮೂವತ್ತರ ಒಳಗಿನವರದೋ, ನಲವತ್ತು ದಾಟಿದವರದೋ? ಹೀಗೆ ಬಿಡಿಸಿ ಕೇಳಿದರೆ ಒಂದೇ ಕೇಂದ್ರದ ಅಂಕಿ ಎರಡು ಮೂರು ಪಟ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಬ್ರಿಟನ್ನಿನಲ್ಲಿ 1991ರಿಂದ ಒಂದು ಸರ್ಕಾರಿ ಪ್ರಾಧಿಕಾರ ಎಲ್ಲ ಕೇಂದ್ರಗಳ ಲೆಕ್ಕವನ್ನು ದಾಖಲಿಸಿ ಪ್ರಕಟಿಸುತ್ತ ಬಂದಿದೆ. ಅಲ್ಲಿ 35ರೊಳಗಿನ ಹೆಂಗಸರಲ್ಲಿ ಹಾಕಿದ ಒಂದೊಂದು ಭ್ರೂಣಕ್ಕೆ ಮಗು ಹುಟ್ಟುವುದು ಸುಮಾರು ಮೂರರಲ್ಲಿ ಒಂದು. ನಲವತ್ತು ದಾಟಿದ ಮೇಲೆ ಅದು ಬೇಗಬೇಗ ಇಳಿಯುತ್ತದೆ. ಮೂರರಲ್ಲಿ ಒಂದು ಎಂದರೆ ಒಳ್ಳೆಯ ಕೇಂದ್ರ ಎಂದು ಆ ದಿನ ಯಾರಾದರೂ ಹೇಳಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಹೆಚ್ಚು ಹೇಳಿದವರ ಮುಂದೆ ಕೂತೆ.

ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆಯ ಪ್ಯಾಕೇಜ್ 1,45,000 ರೂಪಾಯಿ. ವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ. ನಾನು ಚೌಕಾಸಿ ಮಾಡಿ ಇನ್ನೂ ಐದು ಸಾವಿರ ಇಳಿಸಿ, ಗೆದ್ದವನ ಹಾಗೆ ಮನೆಗೆ ಬಂದೆ. ಒಳಗೆ ಏನೇನು ಸೇರಿದೆ ಎಂದು ಕೇಳಿದ್ದೆ, ಸೇರದಿರುವುದು ಏನು ಎಂದು ಕೇಳಿರಲಿಲ್ಲ. ಅಂಡಾಣು ತೆಗೆಯುವುದು, ಲ್ಯಾಬು, ಭ್ರೂಣ ಹಾಕುವುದು ಅದರಲ್ಲಿತ್ತು. ಅಂಡಾಣು ಬೆಳೆಸುವ ಇಂಜೆಕ್ಷನ್ ಇರಲಿಲ್ಲ. ಅದರ ಡೋಸು ಹೆಂಗಸಿನ ವಯಸ್ಸು, ಅಂಡಾಣುಗಳ ಸಂಗ್ರಹ ತೋರಿಸುವ ಎಎಂಎಚ್ ಪರೀಕ್ಷೆ ನೋಡಿ ನಿಗದಿಯಾಗುತ್ತದೆ, ನಮಗೆ 80 ಸಾವಿರದ ಹತ್ತಿರ ಬಿತ್ತು. ಅಲ್ಲಿನ ಪರೀಕ್ಷೆಯಲ್ಲೂ ನನ್ನ ಕೌಂಟ್ ಕಡಿಮೆ ಬಂದದ್ದರಿಂದ ಒಂದೊಂದು ಅಂಡಾಣುವಿನೊಳಗೂ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಸೇರಿಸುವ ಇಕ್ಸಿ ಬೇಕೆಂದರು, 1992ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಯಶಸ್ವಿಯಾದ ವಿಧಾನ ಅದು. ಅದಕ್ಕೆ ಬೇರೆ ಬಿಲ್ಲು. ಅರಿವಳಿಕೆ, ರಕ್ತ ಪರೀಕ್ಷೆಗಳು, ಭ್ರೂಣ ಹಾಕಿದ ಮೇಲಿನ ಮಾತ್ರೆ, ಲಾಡ್ಜು, ಊಟ ಸೇರಿ ಮೂರು ಲಕ್ಷ ಮುಟ್ಟಿತು. ಆರೋಗ್ಯ ವಿಮೆಯ ಕಾಗದ ತಿರುವಿದರೆ, ಸಾಮಾನ್ಯ ಪಾಲಿಸಿಗಳು ಕೊಡದ ಖರ್ಚಿನ ಪಟ್ಟಿಯಲ್ಲೇ ಬಂಜೆತನದ ಚಿಕಿತ್ಸೆ ಕೂತಿದೆ. ಅವಳ ಎರಡೆಳೆ ಸರ ಬ್ಯಾಂಕಿನಲ್ಲಿ ಅಡವಿಟ್ಟೆ. ಇಕ್ಸಿ ಯಾಕೆ ಎಂದು ಅವಳು ಕೇಳಿದಾಗ, ಎಲ್ಲರಿಗೂ ಮಾಡ್ತಾರಂತೆ ಎಂದೆ.

ಮೊದಲ ಭೇಟಿಯಲ್ಲಿ ನರ್ಸ್ ಹಳೆಯ ರಿಪೋರ್ಟು ಕೇಳಿದ್ದಳು. ಏನೂ ಇಲ್ಲ ಎಂದೆ. ಟ್ಯೂಬ್ ಟೆಸ್ಟ್ ಆಗಿದೆಯಾ ಎಂದು ಇವಳನ್ನು ಕೇಳಿದಾಗ ಇವಳು, “ಆಗಿದೆ ಸಿಸ್ಟರ್, ನಾರ್ಮಲ್ ಅಂದಿದ್ರು” ಎಂದಳು. ಅಂದಿದ್ದವನು ಪಕ್ಕದಲ್ಲೇ ಕೂತಿದ್ದೆ. ನರ್ಸ್ ಎಚ್‌ಎಸ್‌ಜಿ ನಾರ್ಮಲ್ ಎಂದು ಬರೆದುಕೊಂಡಳು. ಐವಿಎಫ್‌ನಲ್ಲಿ ಭ್ರೂಣವನ್ನು ನೇರವಾಗಿ ಗರ್ಭಕೋಶಕ್ಕೆ ಹಾಕುವುದರಿಂದ ನಾಳದ ಕಡೆ ಮತ್ತೆ ಯಾರೂ ತಿರುಗಿ ನೋಡಲಿಲ್ಲ. ಫಿಲ್ಮ್ ಕೇಳಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಅವರ ದಾಖಲೆಯೊಳಗೆ ಸುಳ್ಳು ಸೇರಿಸಿದವನು ನಾನು.

ಇಂಜೆಕ್ಷನ್ನಿನ ದಿನಗಳ ಬಗ್ಗೆ ಊರಿನವರಿಗೆ ಯಾವ ಜಾಹೀರಾತೂ ಹೇಳುವುದಿಲ್ಲ. ಮುಟ್ಟಾದ ಎರಡು ಮೂರನೇ ದಿನ ಶುರುವಾದರೆ ಹತ್ತು ಹನ್ನೆರಡು ದಿನ ದಿನವೂ ಚುಚ್ಚಬೇಕು. ನಡುವೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನು, ಎಷ್ಟು ಕೋಶ ಬೆಳೆದಿವೆ, ಎಷ್ಟು ದಪ್ಪವಾಗಿವೆ ಎಂದು. ಅತಿಯಾಗಿ ಬೆಳೆದರೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಟಕ್ಕೂ ಕಷ್ಟವಾಗುವ ಅಪಾಯವಿದೆ, ಸ್ಕ್ಯಾನು ತಪ್ಪಿಸುವಂತಿಲ್ಲ. ಔಷಧವನ್ನು ಫ್ರಿಜ್ಜಿನಲ್ಲಿಡಬೇಕು. ನಮ್ಮೂರಿನ ಕರೆಂಟಿನ ಮೇಲೆ ಭರವಸೆಯಿಲ್ಲದೆ ಐಸ್ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಚಿಕ್ಕಜಾಜೂರಿನಿಂದ ರೈಲು ಹತ್ತಿದ್ದುಂಟು. ಊರಿನ ಆಶಾ ಕಾರ್ಯಕರ್ತೆಗೆ ತಿಳಿಯಬಾರದೆಂದು ಹೊಳಲ್ಕೆರೆಗೆ ಹೋಗಿ ಚುಚ್ಚಿಸಿಕೊಂಡು ಬಂದದ್ದೂ ಇದೆ. ಕೊನೆಯ ಇಂಜೆಕ್ಷನ್ನಿಗೆ ಗಂಟೆ ನಿಮಿಷ ಬರೆದುಕೊಡುತ್ತಾರೆ, ಅಲ್ಲಿಂದ 36 ಗಂಟೆ ಆಸುಪಾಸಿನಲ್ಲಿ ಅಂಡಾಣು ತೆಗೆಯಬೇಕು. ಅಷ್ಟು ಓಡಾಟ ಅಡಿಕೆ ಕೊಯ್ಲಿನ ನಡುವೆ ನನ್ನಿಂದ ಆಗುವುದಿಲ್ಲ ಎಂದು ಅವಳ ತಮ್ಮನನ್ನು ಜೊತೆಗೆ ಕಳಿಸಿದೆ. ದೂರದ ಹೆಸರುವಾಸಿ ಕೇಂದ್ರವೋ, ಹತ್ತಿರದ ದಾವಣಗೆರೆಯದೋ ಎಂದು ಆಯ್ಕೆ ಮಾಡುವಾಗ ಈ ಹತ್ತು ಹನ್ನೆರಡು ದಿನಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ನಾನು ಹಿಡಿದಿರಲಿಲ್ಲ. ಮೊದಲ ಹಂತದ ಪರೀಕ್ಷೆಗಳಿಗಂತೂ ಬೆಂಗಳೂರಿನ ದಾರಿ ಹಿಡಿಯುವ ಅಗತ್ಯವೇ ಇಲ್ಲ, ಅಷ್ಟೂ ಚಿತ್ರದುರ್ಗ, ದಾವಣಗೆರೆಯಲ್ಲೇ ಆಗುತ್ತವೆ.

ಹನ್ನೊಂದು ಅಂಡಾಣು ಸಿಕ್ಕವು ಎಂದಾಗ ಹನ್ನೊಂದು ಮಕ್ಕಳು ಎಂದೇ ನನ್ನ ಮನಸ್ಸು ಕುಣಿಯಿತು. ಬಲಿತವು ಒಂಬತ್ತು. ಫಲಿತವಾದವು ಆರು. ಐದನೇ ದಿನದವರೆಗೆ ಉಳಿದವು ನಾಲ್ಕು. ಇದು ಚೆನ್ನಾದ ಫಲಿತಾಂಶವೇ. ಹತ್ತರಲ್ಲಿ ಎಂಟು ಬಲಿತು, ಐದಾರು ಫಲಿಸಿ, ಎರಡು ಮೂರು ಐದನೇ ದಿನ ಮುಟ್ಟುವುದು ವಾಡಿಕೆ ಎಂದು ಆಮೇಲೆ ತಿಳಿಯಿತು. ಹಸಿ ಅಡಿಕೆ ರಾಶಿಯಾಗುವಾಗ ಎಷ್ಟು ಕುಗ್ಗುತ್ತದೆಂದು ಬೆರಳ ತುದಿಯಲ್ಲಿ ಹೇಳುವ ನನಗೆ ಇಲ್ಲಿ ಕುಗ್ಗಿದ ಒಂದೊಂದೂ ಮೋಸದ ಹಾಗೆ ಕಂಡು ರೇಗಿತು.

ನಾಲ್ಕರಲ್ಲಿ ಎರಡನ್ನು ಹಾಕುವುದು, ಉಳಿದೆರಡನ್ನು ಫ್ರೀಜ್ ಮಾಡುವುದೇ ಎಂದು ಕೌನ್ಸೆಲರ್ ಹುಡುಗಿ ಕೇಳಿದಳು. ಫ್ರೀಜಿಂಗಿಗೆ 30 ಸಾವಿರ, ಆಮೇಲೆ ವರ್ಷ ವರ್ಷ ಬಾಡಿಗೆ. ಬಿಲ್ಲು ಏರಿದ ಸಿಟ್ಟು ನನ್ನಲ್ಲಿ ಕುದಿಯುತ್ತಿತ್ತು. ಎಲ್ಲಾದರೂ ಒಂದು ಕಡೆ ಕತ್ತರಿಸಲೇಬೇಕು ಎನಿಸಿತು. “ನಿಮ್ಮ ಬೋರ್ಡಿನ ಪ್ರಕಾರ ಮೊದಲ ಸಲವೇ ಆಗುತ್ತಲ್ಲಮ್ಮ, ಇನ್ಯಾಕೆ ಫ್ರೀಜು?” ಎಂದೆ. ಅವಳು ಇನ್ನೊಮ್ಮೆ ಯೋಚಿಸಿ ಎಂದಳು. ಯೋಚಿಸುವುದೇನಿಲ್ಲ ಎಂದು, ಇಂಗ್ಲಿಷಿನ ಫಾರ್ಮಿನಲ್ಲಿ ಗುರುತು ಹಾಕಿದ ಜಾಗಗಳಿಗೆಲ್ಲ ಸಹಿ ಹಾಕಿದೆ. ಅಂಡಾಣು ತೆಗೆದ ಸುಸ್ತಿನಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿರದ ಇವಳಿಂದಲೂ, ಹಾಕು ಹಾಕು ಎಂದು ಹಾಕಿಸಿದೆ. ಉಳಿದ ಎರಡು ಭ್ರೂಣಗಳನ್ನು ವಿಸರ್ಜಿಸಲು ಒಪ್ಪಿಗೆ ಎಂದು ಅದರಲ್ಲಿತ್ತು.

ಅದೇ ದಿನ, ಗರ್ಭಕೋಶದ ಒಳಪದರವನ್ನು ಮೊದಲೇ ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂದು ಮಾಡಿದ್ದ ಒಂದು ಹೆಚ್ಚುವರಿ ಸೇವೆಯ ಬಿಲ್ಲಿಗೆ ತಕರಾರಿಲ್ಲದೆ ದುಡ್ಡು ಕೊಟ್ಟೆ. ಐದು ದೇಶಗಳಲ್ಲಿ 1,300ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನ ಅದರಿಂದ ಲಾಭವಿಲ್ಲ ಎಂದು 2019ರಲ್ಲೇ ತೋರಿಸಿತ್ತಂತೆ. ನಾನು ಕೌಂಟ್ ಏರಲೆಂದು ಕದ್ದುಮುಚ್ಚಿ ನುಂಗುತ್ತಿದ್ದ ಸತು, ಫೋಲಿಕ್ ಆಮ್ಲದ ಮಾತ್ರೆಯ ಕತೆಯೂ ಅಷ್ಟೇ. ಅಮೆರಿಕದಲ್ಲಿ 2,300ಕ್ಕೂ ಹೆಚ್ಚು ಗಂಡಸರಿಗೆ ಅದನ್ನು ಕೊಟ್ಟೂ ಕೊಡದೆಯೂ ನೋಡಿದ ಅಧ್ಯಯನ 2020ರಲ್ಲಿ ಬಂತು, ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ಗುಟ್ಕಾ ಬಿಡು ಎಂದು ಕೇಂದ್ರದ ಡಾಕ್ಟರು ಪುಕ್ಕಟೆ ಹೇಳಿದ ಮಾತನ್ನು ಮಾತ್ರ ಪಾಲಿಸಿರಲಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ, ಇಂದು ಬಿಟ್ಟರೆ ಫಲ ಕಾಣುವುದು ಆಮೇಲೆಯೇ.

ಭ್ರೂಣ ನಿಲ್ಲಲಿಲ್ಲ. ರಕ್ತ ಪರೀಕ್ಷೆಯ ಸಂಖ್ಯೆ ಫೋನಿಗೆ ಬಂತು, ಅಷ್ಟೇ. ಫ್ರೀಜ್ ಮಾಡಿದ್ದವನ್ನು ಹಾಕೋಣವೇ ಎಂದು ಅವಳು ಕೇಳಿದಳು. ಫ್ರೀಜೇ ಮಾಡಿಸಿಲ್ಲ ಎಂದು ಹೇಳಿದೆ. ಅಂದರೆ ಮತ್ತೆ ಮೊದಲಿನಿಂದ ಆ ಎಲ್ಲ ಇಂಜೆಕ್ಷನ್ನು. ಅವಳು ಆ ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ತವರಿಗೆ ಹೋದಳು. ಅಡಿಕೆ ಸುಗ್ಗಿ ಮುಗಿಯುವವರೆಗೆ ಬರಲಿಲ್ಲ.

ಅವಳು ವಾಪಸು ಬಂದಾಗ ದಾವಣಗೆರೆಯ ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ತಾನೇ ಹೆಸರು ಬರೆಸಿಕೊಂಡು ಬಂದಿದ್ದಳು. ಆಕೆ ಕಾಗದಗಳನ್ನೆಲ್ಲ ಓದಿ, ಎಚ್‌ಎಸ್‌ಜಿ ನಾರ್ಮಲ್ ಎಂದು ಬರೆದಿದೆ, ಫಿಲ್ಮ್ ಎಲ್ಲಿ ಎಂದರು. ಕಳೆದುಹೋಗಿದೆ ಎಂದೆ. “ಯಜಮಾನ್ರೇ, ಫಿಲ್ಮ್ ನೋಡದೆ ನಾನು ಮುಂದಕ್ಕೆ ಹೋಗಲ್ಲ. ಸಿಗದಿದ್ರೆ ಇವರಿಗೆ ಆ ಟೆಸ್ಟು ಇನ್ನೊಂದ್ಸಲ ಮಾಡಿಸಬೇಕು. ಅದು ಎಷ್ಟು ನೋಯುತ್ತೆ ಗೊತ್ತಾ ನಿಮಗೆ?” ಎಂದರು. ನನಗೆ ಗೊತ್ತಿರಲಿಲ್ಲ. ಇವಳು ಗೋಡೆ ನೋಡುತ್ತಿದ್ದಳು. ಮರುವಾರ ಟ್ರಂಕು ತೆಗೆದು ಫೈಲು ಒಯ್ದೆ.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ಬಲಗಡೆಯ ನಾಳ ತೋರಿಸಿದರು. ತುದಿ ಮುಚ್ಚಿ, ಉಬ್ಬಿ, ಒಳಗೆ ನೀರು ನಿಂತಿತ್ತು. ಹೈಡ್ರೋಸಾಲ್ಪಿಂಕ್ಸ್ ಎನ್ನುತ್ತಾರೆ. ಆ ನೀರು ಗರ್ಭಕೋಶಕ್ಕೆ ಹಿಮ್ಮುಖವಾಗಿ ಇಳಿದು ಭ್ರೂಣ ನಿಲ್ಲದಂತೆ ಮಾಡಬಲ್ಲದು, ಐವಿಎಫ್‌ನ ಫಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಸಾಧಾರಣ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಮೊದಲು ಆ ನಾಳ ತೆಗೆದು ಆಮೇಲೆ ಐವಿಎಫ್ ಮಾಡಿದರೆ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಎಂದು ಸ್ಕ್ಯಾಂಡಿನೇವಿಯಾದ ವೈದ್ಯರು 1999ರಲ್ಲೇ ತೋರಿಸಿದ್ದರು. ಹಾಗಿದ್ದರೆ ಅಷ್ಟು ಚೆನ್ನಾಗಿ ಬಂದ ಆ ಭ್ರೂಣಗಳು? ಖಚಿತವಾಗಿ ಯಾರೂ ಹೇಳಲಾರರು ಎಂದರು ಅವರು. ನನಗೆ ಆ ಸಮಾಧಾನ ಸಾಲಲಿಲ್ಲ.

ಆಮೇಲೆ ಇವಳನ್ನು ಕೇಳಿದರು, ಚಿಕ್ಕವಳಿದ್ದಾಗ ಟಿಬಿ ಏನಾದರೂ ಆಗಿತ್ತೇನಮ್ಮ ಎಂದು. ಇವಳು ನನ್ನ ಕಡೆ ನೋಡದೆ ಹೇಳಿದಳು: ಹೈಸ್ಕೂಲಿನಲ್ಲಿದ್ದಾಗ ಆಗಿತ್ತು, ಹಿರಿಯೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳು ಮಾತ್ರೆ ತಗೊಂಡಿದ್ದೆ. ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯವರಿಗೆ ಹೇಳಬೇಡ ಎಂದು ಅಪ್ಪ ಆಣೆ ಹಾಕಿಸಿದ್ದರು. ಟಿಬಿ ನಾಳಗಳಿಗೂ ಹಬ್ಬಿ ಅವನ್ನು ಕೆಡಿಸುವುದು ನಮ್ಮ ದೇಶದಲ್ಲಿ ಅಪರೂಪವಲ್ಲವಂತೆ. ಮಾವನ ಮೇಲೆ ಸಿಟ್ಟಾಗುವ ಹಕ್ಕು ನನಗೆ ಇರಲಿಲ್ಲ. ಅವರೂ ನನ್ನ ಹಾಗೆಯೇ, ಒಂದು ಕಾಗದಕ್ಕೆ ಹೆದರಿದ್ದವರು.

ನನ್ನ ವೀರ್ಯದ ಹಳೆಯ ರಿಪೋರ್ಟೂ ಅದೇ ಫೈಲಿನಲ್ಲಿತ್ತಲ್ಲ. ಡಾಕ್ಟರಮ್ಮ ಅದನ್ನು ಗಟ್ಟಿಯಾಗಿ ಓದಿದರು. ತಾರೀಖು ಸಮೇತ. ಇವಳು ಅದನ್ನು ಅವರ ಕೈಯಿಂದ ತಗೊಂಡು ತಾನೊಮ್ಮೆ ಓದಿದಳು. ಕಾರಿನಲ್ಲಿ ಆನಗೋಡು ದಾಟುವವರೆಗೆ ಮಾತಿಲ್ಲ. ಆಮೇಲೆ, “ರಿಪೋರ್ಟ್ ಓದೋಕೆ ನನಗೂ ಬರ್ತದೆ ರೀ. ಬಿಎ ಮಾಡಿರೋಳು ನಾನು” ಎಂದಳು. ನಾನು ಪಿಯುಸಿ ಫೇಲು. ನಮ್ಮ ಮನೆಯಲ್ಲಿ ಕಾಗದಪತ್ರವೆಲ್ಲ ಗಂಡಸರ ವ್ಯವಹಾರ ಎಂದು ಯಾರು ಯಾವಾಗ ಗೊತ್ತು ಮಾಡಿದರೋ ತಿಳಿಯದು.

ಅವ್ವನಿಗೆ ನಾನೇ ಹೇಳಿದೆ. ಕೊರತೆ ನನ್ನಲ್ಲೂ ಇದೆ, ಮೊದಲಿಂದಲೂ ಗೊತ್ತಿತ್ತು ಎಂದೆ. ಅವಳು ನಂಬಲಿಲ್ಲ, ಹೆಂಡತಿಯನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಳು. “ಗಂಡಸಿಗೂ ಆಗ್ತದೇನಪ್ಪಾ ಅದು?” ಎಂದು ಇವತ್ತಿಗೂ ಕೇಳುತ್ತಾಳೆ.

ಈ ನಡುವೆ ಓದಿದ ಒಂದು ಸಂಗತಿ ತಲೆಯಿಂದ ಹೋಗುವುದಿಲ್ಲ. ಭಾರತದ ಮೊದಲ ಪ್ರನಾಳ ಶಿಶು 1986ರಲ್ಲಿ ಮುಂಬೈಯಲ್ಲಿ ಹುಟ್ಟಿತು ಎಂದೇ ಬಹಳ ಕಾಲ ದಾಖಲೆಯಲ್ಲಿತ್ತು. ಅದರ ಹಿಂದಿದ್ದ ವಿಜ್ಞಾನಿಗಳಲ್ಲಿ ಒಬ್ಬರು ಟಿ.ಸಿ. ಆನಂದ್ ಕುಮಾರ್, ನಂತರ ಬೆಂಗಳೂರಿನಲ್ಲಿ ನೆಲೆಸಿದವರು. ಆದರೆ ಕೋಲ್ಕತ್ತಾದ ಡಾ. ಸುಭಾಷ್ ಮುಖರ್ಜಿ ಅದಕ್ಕೂ ಎಂಟು ವರ್ಷ ಮೊದಲು, 1978ರ ಅಕ್ಟೋಬರ್ 3ರಂದು, ಒಂದು ಹೆಣ್ಣುಮಗು ಹುಟ್ಟಿಸಿದ್ದರು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿ ಆಗ ಎರಡು ತಿಂಗಳು ಕಳೆದಿತ್ತಷ್ಟೆ. ಮುಖರ್ಜಿಯವರನ್ನು ಸರ್ಕಾರದ ಸಮಿತಿ ನಂಬಲಿಲ್ಲ, ಅವರು 1981ರ ಜೂನಿನಲ್ಲಿ ಪ್ರಾಣ ಕಳೆದುಕೊಂಡರು. 1997ರಲ್ಲಿ ಅವರ ಹಳೆಯ ಟಿಪ್ಪಣಿಗಳು ಆನಂದ್ ಕುಮಾರ್ ಕೈಗೆ ಬಂದವು. ಅವನ್ನು ಕೂತು ಓದಿದ ಆನಂದ್ ಕುಮಾರ್, ಮೊದಲಿಗ ನಾನಲ್ಲ, ಅವರು ಎಂದು ತಾವೇ ಬರೆದು ಪ್ರಕಟಿಸಿದರು. ಆ ಕಾಗದಗಳನ್ನು ಮುಚ್ಚಿಟ್ಟಿದ್ದರೆ ಅವರ ಕೀರ್ತಿಗೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ವಿಷಯ: ಮುಖರ್ಜಿಯವರ ಆ ಕೂಸು ಬೆಳೆದದ್ದು ಫ್ರೀಜ್ ಮಾಡಿಟ್ಟ ಭ್ರೂಣದಿಂದ. ನಮ್ಮ ದೇಶದಲ್ಲಿ ಈ ಚಿಕಿತ್ಸೆ ಶುರುವಾದದ್ದೇ ಫ್ರೀಜಿನಿಂದ, ನಾನು ಇನ್ಯಾಕೆ ಫ್ರೀಜು ಎಂದವನು.

ಎರಡನೇ ಸಲ ಕೇಂದ್ರ ಆರಿಸಿದ್ದು ಅವಳು. ಸಂತಾನ ಚಿಕಿತ್ಸೆಯ ಕೇಂದ್ರಗಳಿಗೆಂದೇ 2021ರ ಕೊನೆಯಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿದೆ, ನಿಯಮಗಳು 2022ರಲ್ಲಿ ಬಂದವು. ಪ್ರತಿ ಕೇಂದ್ರವೂ ನೋಂದಣಿ ಮಾಡಿಸಿರಬೇಕು, ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಅದರಲ್ಲೂ ಎರಡು ದರ್ಜೆ. ಒಂದನೇ ದರ್ಜೆಯವರು ಗಂಡನ ವೀರ್ಯವನ್ನು ಶುದ್ಧಿ ಮಾಡಿ ಗರ್ಭಕೋಶಕ್ಕೆ ಹಾಕುವ ಐಯುಐಯಂಥದ್ದನ್ನು ಮಾಡಬಹುದು, ಐವಿಎಫ್‌ಗೆ ಎರಡನೇ ದರ್ಜೆಯ ನೋಂದಣಿ ಬೇಕು. ಹೆಂಗಸಿಗೆ 50, ಗಂಡಸಿಗೆ 55 ದಾಟಿರಬಾರದು. ಯಶಸ್ಸು ಎಷ್ಟು, ಅಪಾಯವೇನು, ಖರ್ಚೆಷ್ಟು ಎಂದು ಕೂರಿಸಿ ತಿಳಿಸಿಹೇಳುವುದು, ಇಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯುವುದು, ದೂರು ಕೇಳಲು ಒಂದು ವ್ಯವಸ್ಥೆ, ಚಿಕಿತ್ಸೆ ಮುಗಿದಾಗ ಏನೇನು ಮಾಡಿದೆವು ಎಂದು ಬರೆದ ಬಿಡುಗಡೆ ಪತ್ರ, ಇವೆಲ್ಲ ಕೇಂದ್ರದ ಕರ್ತವ್ಯ. ಬೇರೆಯವರದ್ದು ಹಾಕಿಬಿಟ್ಟರೆ ಎಂದು ಅವ್ವ ಹೆದರಿದ್ದಳು. ನಮ್ಮಿಬ್ಬರ ಲಿಖಿತ ಒಪ್ಪಿಗೆಯಿಲ್ಲದೆ ದಾನಿಯ ಅಂಡಾಣುವಾಗಲಿ ವೀರ್ಯವಾಗಲಿ ಬಳಸುವಂತಿಲ್ಲ ಎಂದು ಇವಳು ಓದಿ ಹೇಳಿದಳು. ನಾನು ಫಾರ್ಮಿಗೆ ಸಹಿ ಹಾಕುವಾಗ ಈ ಕಾಯ್ದೆ ಇತ್ತು. ಓದಿ ಹೇಳಿ ಎಂದು ನಾನು ಕೇಳಿರಲಿಲ್ಲ.

ಡಾಕ್ಟರನ್ನು ಕಾಣುವಾಗ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದಳು. ನನ್ನ ವಯಸ್ಸಿನವರು ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಜನ ಚಿಕಿತ್ಸೆ ಶುರುಮಾಡಿದರು, ಅದರಲ್ಲಿ ಎಷ್ಟು ಜನಕ್ಕೆ ಮಗು ಹುಟ್ಟಿತು ಎಂಬುದು ಮೊದಲ ಪ್ರಶ್ನೆ. ಒಂದು ಕಡೆ ಡಾಕ್ಟರು ಇದಕ್ಕೆ ಮುಖ ಸಿಂಡರಿಸಿದರು, ಅಲ್ಲಿಂದ ಎದ್ದು ಬಂದೆವು. ಇನ್ನೊಂದು ಕಡೆ ರಿಜಿಸ್ಟರ್ ನೋಡಿ ಹೇಳಿದರು. ಸಂಖ್ಯೆ ಹೊಸದುರ್ಗದ ಬ್ಯಾನರಿನ ಅರ್ಧಕ್ಕಿಂತ ಕಡಿಮೆ. ಅವಳು ಅಲ್ಲೇ ಇರೋಣ ಎಂದಳು. ಇಂಜೆಕ್ಷನ್, ಇಕ್ಸಿ, ಫ್ರೀಜಿಂಗು, ಆಮೇಲೆ ಕರಗಿಸಿ ಹಾಕುವುದು, ವರ್ಷದ ಬಾಡಿಗೆ ಎಲ್ಲ ಸೇರಿಸಿ ಕಡಿಮೆಗೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಕಾಗದದ ಮೇಲೆ ಬರೆಸಿಕೊಂಡಳು. ಖರ್ಚು ಮೊದಲಿಗಿಂತ ಕಡಿಮೆಯೇನೂ ಆಗಲಿಲ್ಲ. ಶಸ್ತ್ರಚಿಕಿತ್ಸೆ ಸೇರಿದರೆ ಹೆಚ್ಚೇ ಆಯಿತು. ಆದರೆ ಈ ಸಲ ನನಗೆ ಒಮ್ಮೆಯೂ ಸಿಟ್ಟು ಬರಲಿಲ್ಲ, ಬಿಲ್ಲು ಬರುವ ಮೊದಲೇ ಗೊತ್ತಿತ್ತು. ಇಷ್ಟರ ಮೇಲೆ ಸಾಲ ಮಾಡುವುದಿಲ್ಲ ಎಂದು ಇಬ್ಬರೂ ಕೂತು ಗೆರೆ ಎಳೆದದ್ದೂ ಆಗಲೇ.

ನಾಳ ತೆಗೆದರು. ಮತ್ತೆ ಇಂಜೆಕ್ಷನ್ನು, ಅಂಡಾಣು ತೆಗೆಯುವುದು ಎಲ್ಲ ಮುಗಿದ ಮೇಲೆ ಎರಡು ಭ್ರೂಣಗಳು ಉಳಿದವು, ಎರಡನ್ನೂ ಫ್ರೀಜ್ ಮಾಡಿಸಿದೆವು. ಒಂದನ್ನು ಹಾಕಿದಾಗ ನಿಂತಿತು, ಎದೆಬಡಿತವನ್ನೂ ನೋಡಿದೆವು. ಎಂಟನೇ ವಾರ ದಾಟಲಿಲ್ಲ. ಇದಕ್ಕೆ ಕಾರಣ ನನ್ನ ಟ್ರಂಕಲ್ಲ, ಬಹುತೇಕ ಭ್ರೂಣದೊಳಗಿನ ವರ್ಣತಂತುಗಳ ಏರುಪೇರು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅವಳು ಅತ್ತಳು, ನಾನೂ. ಈ ಸಲ ತವರಿಗೆ ಹೋಗಲಿಲ್ಲ.

ಇನ್ನೊಂದು ಭ್ರೂಣವಿದೆ. ಕಾಯ್ದೆಯ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು. ಕೊಯ್ಲು ಮುಗಿದೊಡನೆ ವರ್ಷದ ಬಾಡಿಗೆ ಕಟ್ಟುತ್ತೇನೆ. ಹಾಕಿಸಿಕೊಳ್ಳುವುದು ಯಾವಾಗ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ. ಈಚೆಗೆ ದತ್ತು ಪಡೆಯುವ ಬಗ್ಗೆ ಮಾತು ಶುರುವಾಗಿದೆ. ಎರಡು ವರ್ಷದೊಳಗಿನ ಕೂಸು ಬೇಕೆಂದರೆ ಗಂಡ ಹೆಂಡತಿಯ ವಯಸ್ಸು ಕೂಡಿದರೆ 85 ಮೀರಿರಬಾರದು. ನಮ್ಮದು ಇನ್ನೂ 80 ದಾಟಿಲ್ಲ. ಆದರೆ ಸರದಿ ವರ್ಷಗಟ್ಟಲೆ ಇರುತ್ತದಂತೆ, ತಡಮಾಡುವ ಹಾಗಿಲ್ಲ. ಚಿತ್ರದುರ್ಗದ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ, ಕಾಗದಗಳನ್ನು ತಂದುಕೊಟ್ಟು, ಅರ್ಜಿ ಹಾಕೋಣವೇ ಎಂದೆ. ಮೊದಲು ನಿಯಮ ಪೂರ್ತಿ ಓದ್ತೀನಿ, ಆಮೇಲೆ ಹೇಳ್ತೀನಿ ಎಂದಿದ್ದಾಳೆ.